ಅರ್ಥಧಾರಿಗೆ ಜಾಗ ಬಿಟ್ಟ ಆಟಗಳು

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೊದಲು ರೇಡಿಯೊ ಇರುತ್ತಿತ್ತು, ಆಮೇಲೆ ಯಕ್ಷಗಾನದ ಕ್ಯಾಸೆಟ್ಟು ಬಂತು. ಹೊಸನಗರದ ಕಡೆಯ ಒಂದು ಅಂಗಳದಲ್ಲಿ ಹೋದ ಸುಗ್ಗಿಯಲ್ಲಿ ಕಂಡ ನೋಟ ಬೇರೆ. ಏಳೆಂಟು ಜನ ಮೆಟ್ಟುಗತ್ತಿಯ ಮುಂದೆ ಕೂತಿದ್ದಾರೆ. ಅಡಿಕೆ ಡಬ್ಬಕ್ಕೆ ಒರಗಿಸಿದ ಮೊಬೈಲಿನಲ್ಲಿ ಒಬ್ಬ ಹುಡುಗ ಬಿಜಿಎಂಐ ಎಂಬ ಗುಂಡಿನ ಕಾಳಗದ ಮೊಬೈಲ್ ಆಟದ ಲೈವ್ ಹಾಕಿದ್ದಾನೆ. ಕೂತವರಲ್ಲಿ ಆ ಆಟ ಆಡಿದವನು ಅವನೊಬ್ಬನೇ. ಉಳಿದವರ ಕಣ್ಣು ಕತ್ತಿಯ ಮೇಲೆ, ಕಿವಿ ಮೊಬೈಲಿನ ಮೇಲೆ. ತಾನು ಆಡುವುದನ್ನು ನೇರವಾಗಿ ತೋರಿಸುವ ಸ್ಟ್ರೀಮರ್ ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳುತ್ತಿದ್ದಾನೆ: ಬಲಗಡೆ ಮನೆ ಮೇಲೆ ಒಬ್ಬ ಇದಾನೆ, ಹೊಗೆ ಹಾಕು, ನಾನು ಹಿಂದಿನಿಂದ ಬರ್ತೀನಿ. ಅಷ್ಟರಲ್ಲಿ ಗುಂಡಿನ ಸದ್ದು, ಆಮೇಲೆ ಗಳಿಗೆ ಹೊತ್ತು ಮೌನ. ಮೂಲೆಯಲ್ಲಿ ಕೂತ ಅಜ್ಜಿ ತಲೆ ಎತ್ತದೆ ಕೇಳಿದರು, "ಆಮೇಲೆ ಅವ್ನು ಬದುಕಿದ್ನನೋ ಮಾರಾಯ?" "ಇಲ್ಲ ಅಜ್ಜಿ, ಇನ್ನೊಬ್ಬ ಹಿಂದಿಂದ ಬಂದು ಹೊಡೆದ." "ಛೆ, ಮೊದ್ಲೇ ಹೇಳಿದ್ನಲ್ಲ ಹಿಂದೆ ನೋಡು ಅಂತ."

ಆ ಅಜ್ಜಿಗೆ ಆಟದ ಹೆಸರೂ ಗೊತ್ತಿಲ್ಲ. ಆದರೂ ಅವರಿಗೆ ಅದು ಅರ್ಥವಾಗಿದೆ. ವಿಡಿಯೊ ಗೇಮ್ ಎಂಬ ಪರಊರಿನ ಪ್ರಸಂಗವನ್ನು ನಮ್ಮ ಮಾತಿಗೆ ಇಳಿಸಿದವನು ಸ್ಟ್ರೀಮರ್. ಸ್ಟ್ರೀಮರ್‌ಗಳು ಆಟದ ಲೋಕದ ಮೇಲೆ ಬೀರಿದ ಪರಿಣಾಮ ಎಂದರೆ ಸಾಮಾನ್ಯವಾಗಿ ಮಾರಾಟದ ಲೆಕ್ಕ ಬರುತ್ತದೆ: ಯಾರು ಆಡಿದರು, ಎಷ್ಟು ಪ್ರತಿ ಹೋಯಿತು. ಅದಕ್ಕಿಂತ ಆಳದ ಬದಲಾವಣೆ ಆಟ ಕಟ್ಟುವ ಜಾಗದಲ್ಲೇ ಆಗಿದೆ.

ಪ್ರಸಂಗ ಒಂದೇ, ಅರ್ಥ ಹಲವು

ವೇಷ ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ತಾಳಮದ್ದಳೆ, ಕೇಳಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಪದ್ಯ ಕವಿಯದು, ಅದು ಬದಲಾಗುವುದಿಲ್ಲ. ಭಾಗವತರು ಹಾಡಿ ನಿಲ್ಲಿಸಿದ ಮೇಲೆ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಸರದಿ, ಅಲ್ಲಿ ಬರೆದಿಟ್ಟ ಮಾತಿಲ್ಲ. ವಾಲಿ ರಾಮನನ್ನು ಪ್ರಶ್ನಿಸುವ ಜಾಗ ಒಬ್ಬರ ಬಾಯಲ್ಲಿ ಹತ್ತು ನಿಮಿಷ, ಇನ್ನೊಬ್ಬರ ಬಾಯಲ್ಲಿ ಒಂದು ಗಂಟೆ. ಜನ ಹೋಗುವುದು ಕಥೆ ತಿಳಿಯಲು ಅಲ್ಲ, ಈ ಸಲ ಯಾರು ಏನು ಹೇಳುತ್ತಾರೆ ಎಂದು ಕೇಳಲು. ಮಾತಿಗೆ ಎಡೆ ಕೊಟ್ಟ ಪ್ರಸಂಗ ಮತ್ತೆ ಮತ್ತೆ ರಂಗಕ್ಕೆ ಬರುತ್ತದೆ. ಎಡೆ ಕೊಡದ್ದು ಎಷ್ಟೇ ಚೆನ್ನಾಗಿದ್ದರೂ ಪುಸ್ತಕದಲ್ಲಿ ಉಳಿಯುತ್ತದೆ.

ಅಮಾಂಗ್ ಅಸ್ ಇದಕ್ಕೆ ತಕ್ಕ ಉದಾಹರಣೆ. ಇನ್ನರ್‌ಸ್ಲಾತ್ ಎಂಬ ಪುಟ್ಟ ತಂಡ 2018ರ ಜೂನ್‌ನಲ್ಲಿ ಅದನ್ನು ಬಿಟ್ಟಾಗ ಹೆಚ್ಚು ಜನ ತಿರುಗಿ ನೋಡಲಿಲ್ಲ. ಎರಡು ವರ್ಷ ಕಳೆದು, 2020ರ ಲಾಕ್‌ಡೌನ್‌ನಲ್ಲಿ ಸ್ಟ್ರೀಮರ್‌ಗಳು ಅದನ್ನು ಎತ್ತಿಕೊಂಡರು. ಆಟದಲ್ಲಿ ಬದಲಾದದ್ದು ಬಹಳ ಕಡಿಮೆ, ಬಂದು ಸೇರಿದ್ದು ಮಾತು. ನಿಯಮ ಎರಡು ಸಾಲಿನದು: ಹತ್ತು ಜನರಲ್ಲಿ ಒಬ್ಬಿಬ್ಬರು ಮೋಸಗಾರರು, ಅವರನ್ನು ಗುರುತಿಸಿ ಹೊರಹಾಕಿ. ಉಳಿದದ್ದೆಲ್ಲ ಸುಳ್ಳು, ಆಣೆ, ಅನುಮಾನ, ಜಗಳ. ಆ ಆಗಸ್ಟ್‌ನಲ್ಲಿ ಎರಡನೇ ಭಾಗ ಮಾಡುತ್ತೇವೆ ಎಂದು ಘೋಷಿಸಿದ ತಂಡ ಮುಂದಿನ ತಿಂಗಳೇ ಅದನ್ನು ಕೈಬಿಟ್ಟಿತು. ಹಳೆಯ ಆಟಕ್ಕೇ ಸರ್ವರ್ ಬಲಪಡಿಸಿ, 2021ರ ಜೂನ್‌ನಲ್ಲಿ ಹತ್ತು ಜನರ ಮಿತಿಯನ್ನು ಹದಿನೈದಕ್ಕೆ ಏರಿಸಿತು. ಸಭೆ ಒಂದು ಪ್ರಸಂಗವನ್ನು ಒಪ್ಪಿದ ಮೇಲೆ ಕವಿ ಹೊಸದನ್ನು ಬದಿಗಿಟ್ಟು ಇದನ್ನೇ ತಿದ್ದಿದ ಹಾಗೆ.

ಅಲ್ಲಿಂದ ಮುಂದೆ ಅರ್ಥಗಾರಿಕೆಗೆಂದೇ ಹೇಳಿಮಾಡಿಸಿದಂಥ ಆಟಗಳು ಬರತೊಡಗಿದವು. 2023ರ ಅಕ್ಟೋಬರ್‌ನಲ್ಲಿ ಒಬ್ಬನೇ ಕಟ್ಟಿದ ಲೀಥಲ್ ಕಂಪನಿಯ ಜೀವಾಳ ದೂರಕ್ಕೆ ತಕ್ಕಂತೆ ಇಳಿಯುವ ಧ್ವನಿ. ಗೆಳೆಯ ಹತ್ತಿರ ಇದ್ದರೆ ಮಾತು ಜೋರು, ದೂರ ಹೋದರೆ ಸಣ್ಣದು, ಸತ್ತರೆ ನಡುಮಾತಿನಲ್ಲೇ ಕತ್ತರಿಸಿದ ಹಾಗೆ ನಿಲ್ಲುತ್ತದೆ. "ಏ ಇಲ್ಲಿ ಏನೋ ಇದೆ ಕಣ್..." ಎಂದು ಅರ್ಧಕ್ಕೆ ನಿಂತ ಆ ಮೌನಕ್ಕೆ ನೋಡುವವರು ನಗುತ್ತಾರೆ, ಬೆಚ್ಚುತ್ತಾರೆ, ಅದೇ ಕ್ಲಿಪ್ ಆಗುತ್ತದೆ. ದುಬಾರಿ ಗ್ರಾಫಿಕ್ಸ್ ಬೇಕಾಗಲಿಲ್ಲ. 2024ರ ಏಪ್ರಿಲ್ 1ಕ್ಕೆ ಬಂದ ಕಂಟೆಂಟ್ ವಾರ್ನಿಂಗ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಆಟಗಾರರ ಕೆಲಸವೇ ಕ್ಯಾಮೆರಾ ಹಿಡಿದು ಭೂತಗಳ ನಡುವೆ ಹೋಗಿ ವಿಡಿಯೊ ಮಾಡಿ ತರುವುದು. ಎಷ್ಟು ಜನ ನೋಡಿದರು ಎಂಬುದೇ ಅಂಕ.

ದೊಡ್ಡ ಕಂಪನಿಗಳೂ ಮಣಿದಿವೆ. ರಾಕ್‌ಸ್ಟಾರ್ ಕಂಪನಿಯ ಜಿಟಿಎ 5 ಆಟ ಬಂದದ್ದು 2013ರಲ್ಲಿ. ಅಭಿಮಾನಿಗಳು ಕಟ್ಟಿದ ಫೈವ್‌ಎಂನಂಥ ವ್ಯವಸ್ಥೆಯಲ್ಲಿ ಪೊಲೀಸ್, ಡಾಕ್ಟರ್, ಟ್ಯಾಕ್ಸಿ ಡ್ರೈವರ್ ವೇಷ ಹಾಕಿ ಗಂಟೆಗಟ್ಟಲೆ ಪಾತ್ರ ಮಾಡುವ ರೋಲ್‌ಪ್ಲೇ ಸರ್ವರ್‌ಗಳು ಹುಟ್ಟಿದವು, ಸ್ಟ್ರೀಮರ್‌ಗಳು ಅವನ್ನು ಹೆಸರುವಾಸಿ ಮಾಡಿದರು. ಕೊನೆಗೆ 2023ರ ಆಗಸ್ಟ್‌ನಲ್ಲಿ ರಾಕ್‌ಸ್ಟಾರ್ ಆ ತಂಡವನ್ನೇ ತನ್ನೊಳಗೆ ಸೇರಿಸಿಕೊಂಡಿತು. ನಮ್ಮಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಬ್ಜಿ ಮೊಬೈಲ್ ನಿಷೇಧವಾದಾಗ, ಅದರ ಬದಲಿಗೆ 2021ರ ಜುಲೈನಲ್ಲಿ ಬಂದ ಬಿಜಿಎಂಐ 2022ರ ಜುಲೈನಲ್ಲಿ ಮತ್ತೆ ಕಣ್ಮರೆಯಾಗಿ 2023ರ ಮೇ ತನಕ ಕಾಯಿಸಿದಾಗ, ಅನೇಕ ಸ್ಟ್ರೀಮರ್‌ಗಳು ಜಿಟಿಎ ರೋಲ್‌ಪ್ಲೇಗೆ ಸರಿದರು. ನೋಡುವವರಲ್ಲಿ ಬಹಳ ಜನ ಅವರ ಹಿಂದೆಯೇ ಹೋದರು. ಪ್ರಸಂಗ ಬದಲಾದರೂ ಅರ್ಥಧಾರಿ ಅವರೇ ಎಂದು ಸಭೆ ಎದ್ದು ಹೋಗಲಿಲ್ಲ.

ಮಾತಿಗೆ ಒಲ್ಲದ ಆಟಗಳ ಪಾಡು

ಇದರ ಇನ್ನೊಂದು ಮುಖ ನೋವಿನದು. 2016ರ ಜನವರಿಯಲ್ಲಿ ದಟ್ ಡ್ರ್ಯಾಗನ್, ಕ್ಯಾನ್ಸರ್ ಎಂಬ ಆಟ ಬಂತು. ಕ್ಯಾನ್ಸರ್‌ನಿಂದ ತೀರಿಕೊಂಡ ಪುಟ್ಟ ಮಗನ ಬಗ್ಗೆ ತಂದೆ ತಾಯಿ ಸಣ್ಣ ತಂಡದೊಡನೆ ಸೇರಿ ಮಾಡಿದ್ದು. ಸುಮಾರು ಎರಡು ಗಂಟೆಯ, ಒಂದೇ ದಾರಿಯಲ್ಲಿ ಸಾಗುವ ಆಟ. ಲಕ್ಷಾಂತರ ಜನ ಯೂಟ್ಯೂಬಿನಲ್ಲಿ ಬೇರೆಯವರು ಆಡಿದ್ದನ್ನು ನೋಡಿ ಕಣ್ಣೀರು ಹಾಕಿದರು, ಅಲ್ಲಿಗೆ ಮುಗಿಯಿತು, ಕೊಂಡವರು ಕಡಿಮೆ. ಆ ವರ್ಷದ ಮಾರ್ಚ್‌ನಲ್ಲಿ ತಂಡವೇ ಇದನ್ನು ಬಿಡಿಸಿ ಬರೆದು, ಪೂರ್ತಿ ಆಟವನ್ನು ಮಾತಿಲ್ಲದೆ ಹಾಗೇ ಹಾಕಬೇಡಿ ಎಂದು ಬೇಡಿಕೊಂಡಿತು. ಜಪಾನಿನ ಅಟ್ಲಸ್ ಕಂಪನಿ 2017ರಲ್ಲಿ ಪರ್ಸೋನಾ 5 ಆಟವನ್ನು ಹೊರದೇಶಗಳಲ್ಲಿ ಬಿಟ್ಟಾಗ, ಕಥೆಯ ಒಂದು ತಾರೀಖಿನಿಂದಾಚೆ ತೋರಿಸಿದರೆ ಚಾನೆಲ್‌ಗೆ ತೊಂದರೆ ಎಂದು ಎಚ್ಚರಿಸಿತು, ಜನ ಸಿಟ್ಟಾದ ಮೇಲೆ ಗಡಿಯನ್ನು ಮುಂದಕ್ಕೆ ಹಾಕಿತು.

ನೋಡಿದರೆ ಖರ್ಚಾಗಿಬಿಡುವ ಆಟ, ನೋಡಿದಷ್ಟೂ ಆಡಬೇಕೆನಿಸುವ ಆಟ ಎಂದು ಈಗ ಎರಡು ಜಾತಿ. ಎರಡನೆಯದಕ್ಕೆ ಹಣ ಹೂಡುವವರು ಸಿಗುತ್ತಾರೆ. ಮೊದಲನೆಯದನ್ನು ಮಾಡುವವರು ಮನೆ ಅಡವಿಟ್ಟು ಮಾಡಬೇಕು. ಒಬ್ಬರೇ ಕೂತು, ದೀಪ ಆರಿಸಿ, ಮೌನವಾಗಿ ಆಡುವ ಆಟಗಳು ಬೇಕು. ಎಲ್ಲ ಕವಿತೆಯೂ ಪ್ರಸಂಗವಾಗಬೇಕಿಲ್ಲ. ಈ ನಷ್ಟಕ್ಕೆ ಮೇಲಿನ ಯಾವ ಲಾಭವೂ ಸಮವಲ್ಲ ಎಂದೇ ನನ್ನ ಎಣಿಕೆ.

ಮಳೆಯನ್ನು ನುಂಗುವ ಬಿಟ್‌ರೇಟ್

ಸ್ಟ್ರೀಮ್ ಆಟದ ರೂಪವನ್ನೂ ತಿದ್ದುತ್ತದೆ. ಇದು ಅರ್ಥವಾಗಬೇಕಾದರೆ ವಿಡಿಯೊ ಸಾಗುವ ಬಗೆ ತಿಳಿಯಬೇಕು. ಲೈವ್ ಕಳಿಸುವ ತಂತ್ರಾಂಶ ಓಬಿಎಸ್‌ನಲ್ಲಿ 720ಪಿ (1280ಕ್ಕೆ 720 ಚುಕ್ಕೆ), ಸೆಕೆಂಡಿಗೆ 30 ಫ್ರೇಮ್, ಬಿಟ್‌ರೇಟ್ 3000 ಕೆಬಿಪಿಎಸ್ (ಸೆಕೆಂಡಿಗೆ 3000 ಕಿಲೋಬಿಟ್) ಇಟ್ಟುಕೊಂಡು ಲೈವ್ ಮಾಡುವವನಿಗೆ ಒಂದು ಫ್ರೇಮಿಗೆ ಸಿಗುವುದು ಸರಾಸರಿ 100 ಕಿಲೋಬಿಟ್, ಅಂದರೆ ಹನ್ನೆರಡೂವರೆ ಕೆಬಿ. ಒಂದು ಫ್ರೇಮಿನಲ್ಲಿರುವ ಚುಕ್ಕೆಗಳು ಒಂಬತ್ತು ಲಕ್ಷಕ್ಕೂ ಹೆಚ್ಚು. ಇಷ್ಟು ಕಡಿಮೆಯಲ್ಲಿ ಚಿತ್ರ ಉಳಿಯುವುದು ವಿಡಿಯೊವನ್ನು ಕಿರಿದು ಮಾಡುವ ಎನ್‌ಕೋಡರ್‌ನ ಜಾಣತನದಿಂದ. ಹಿಂದಿನ ಫ್ರೇಮಿಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಅದು ಹೆಚ್ಚಾಗಿ ಕಳಿಸುತ್ತದೆ. ಗೋಡೆ ನಿಂತಲ್ಲೇ ನಿಂತಿದ್ದರೆ ಗೋಡೆಗೆ ಖರ್ಚಿಲ್ಲ. ಆದರೆ ಕಾಡಿನಲ್ಲಿ ಮಳೆ ಸುರಿಯುತ್ತಿದ್ದರೆ? ಎಲೆ, ಹನಿ, ಹುಲ್ಲು, ಎಲ್ಲವೂ ಪ್ರತಿ ಫ್ರೇಮಿಗೂ ಬದಲು. ಹನ್ನೆರಡೂವರೆ ಕೆಬಿ ಯಾವುದಕ್ಕೂ ಸಾಲದೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಆಗುಂಬೆಯ ಜುಲೈ ತಿಂಗಳನ್ನು ಯಾರಾದರೂ ಆಟದಲ್ಲಿ ಯಥಾವತ್ತಾಗಿ ಕಟ್ಟಿದರೆ ಆಡುವವನ ಪರದೆಯ ಮೇಲೆ ಅದು ಅದ್ಭುತ, ಸ್ಟ್ರೀಮಿನಲ್ಲಿ ಹಸಿರು ಗಂಜಿ.

ಅದರ ಮೇಲೆ, ನೋಡುವವನ ಸಿಗ್ನಲ್. ಘಟ್ಟದ ಅಂಚಿನಲ್ಲಿ ಎರಡು ಕಡ್ಡಿ ಬಂದರೆ ಹೆಚ್ಚು, ಯೂಟ್ಯೂಬ್ ತಾನಾಗಿ 240ಪಿಗೆ ಇಳಿಯುತ್ತದೆ. 1080ಪಿಯಲ್ಲಿ 18 ಪಿಕ್ಸೆಲ್ ಎತ್ತರದ ಅಕ್ಷರ, ಅಡ್ಡ ಹಿಡಿದಾಗ ಏಳು ಸೆಂಟಿಮೀಟರ್ ಎತ್ತರವಿರುವ ಮೊಬೈಲ್ ಪರದೆಯ ಮೇಲೆ ಒಂದು ಮಿಲಿಮೀಟರ್ ಚಿಲ್ಲರೆ, ಸಾಸಿವೆ ಕಾಳಿನಷ್ಟು. 240ಪಿಯಲ್ಲಿ ಅದು ನಾಲ್ಕೇ ಪಿಕ್ಸೆಲ್, ಓದಲಿಕ್ಕೇ ಆಗದು. ಅಮಾಂಗ್ ಅಸ್‌ನ ಗುಂಡುಗುಂಡಾದ ಒಂದೇ ಬಣ್ಣದ ಗೊಂಬೆಗಳು 240ಪಿಯಲ್ಲೂ ಕೆಂಪೋ ಹಸಿರೋ ಗೊತ್ತಾಗುತ್ತವೆ. ದಪ್ಪ ಗೆರೆ, ಕಡಿಮೆ ಬಣ್ಣ, ದೊಡ್ಡ ಆಕಾರ ಹರಡಲು ಇದೂ ಒಂದು ಕಾರಣ.

ಮೊಬೈಲ್ ನೆಟ್ಟಗೆ ಹಿಡಿದು ನೋಡುವ ಶಾರ್ಟ್ಸ್ ಬಂದ ಮೇಲೆ ಇಕ್ಕಟ್ಟು ಇನ್ನೂ ಹೆಚ್ಚಿತು. 1920ಕ್ಕೆ 1080ರ ಅಡ್ಡ ಚಿತ್ರದಿಂದ ಉದ್ದದ ಪಟ್ಟಿ ಕತ್ತರಿಸಿದರೆ ಉಳಿಯುವ ಅಗಲ 607 ಪಿಕ್ಸೆಲ್. ಮೂರರಲ್ಲಿ ಒಂದು ಪಾಲೂ ಪೂರ್ತಿ ಇಲ್ಲ. ಮೂಲೆಯ ಮ್ಯಾಪು, ಬದಿಯಲ್ಲಿ ಬರುವ ಯಾರು ಯಾರನ್ನು ಹೊಡೆದರು ಎಂಬ ಸಾಲು, ಎಲ್ಲ ಕತ್ತರಿಗೆ ಹೋಯಿತು. ಹಾಗಾಗಿ ಆಟ ಕಟ್ಟುವವರು ಮುಖ್ಯ ಸಂಗತಿಯನ್ನು ಪರದೆಯ ನಡುವಿನ ಆ ಕಂಬದೊಳಗೇ ನಡೆಸಬೇಕಾಗಿದೆ.

ನಮ್ಮ ಕಡೆಯಿಂದ ಲೈವ್ ಮಾಡುವವರಿಗೆ ಇಲ್ಲಿ ಒಂದು ಮಾತು. ಸ್ಪೀಡ್ ಟೆಸ್ಟನ್ನು ಮಧ್ಯಾಹ್ನ ಬಿಸಿಲಲ್ಲಿ ಮಾಡಿ ನೆಮ್ಮದಿಪಡಬೇಡಿ. ರಾತ್ರಿ ಒಂಬತ್ತಕ್ಕೆ, ಸಾಧ್ಯವಾದರೆ ಮಳೆ ಬರುವಾಗ, ಮೂರು ಸಲ ಅಪ್‌ಲೋಡ್ ಅಳೆದು, ಅತಿ ಕಡಿಮೆ ಬಂದದ್ದರ ಶೇ. 60 ತೆಗೆದುಕೊಳ್ಳಿ. 5 ಎಂಬಿಪಿಎಸ್ ಬಂದರೆ 3000 ಕೆಬಿಪಿಎಸ್. ಬಿಟ್‌ರೇಟ್ ಏರಿಳಿಯದ ಸಿಬಿಆರ್ ಇರಲಿ, ಪೂರ್ತಿ ಚಿತ್ರ ಕಳಿಸುವ ಕೀಫ್ರೇಮ್‌ಗಳ ಅಂತರ 2 ಸೆಕೆಂಡ್. ಗಂಟೆಗೆ ಸುಮಾರು 1.35 ಜಿಬಿ ಖರ್ಚು ಎಂದು ಲೆಕ್ಕ ಇಟ್ಟುಕೊಳ್ಳಿ. ವಿಡಿಯೊ ತಡವರಿಸಿದರೆ ಓಬಿಎಸ್‌ನ ಸ್ಟ್ಯಾಟ್ಸ್ ಕಿಟಕಿಯಲ್ಲಿ ಮೂರು ಅಂಕಿ ನೋಡಿ. ರೆಂಡರಿಂಗ್ ಲ್ಯಾಗ್ ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡ್ ಸುಸ್ತಾಗಿದೆ, ಆಟದ ಫ್ರೇಮ್‌ಗೆ ಮಿತಿ ಹಾಕಿ. ಎನ್‌ಕೋಡಿಂಗ್ ಲ್ಯಾಗ್ ಆದರೆ ಎನ್‌ಕೋಡರ್ ಪ್ರಿಸೆಟ್ಟನ್ನು ಇನ್ನೂ ಹಗುರದ್ದಕ್ಕೆ ಇಳಿಸಿ. ಡ್ರಾಪ್ಡ್ ಫ್ರೇಮ್ಸ್ ಏರುತ್ತಿದ್ದರೆ ಮಾತ್ರ ನೆಟ್‌ವರ್ಕಿನ ತಪ್ಪು. ಈ ಮೂರನ್ನೂ ಒಂದೇ ಎಂದುಕೊಂಡು ಹೊಸ ಕಂಪ್ಯೂಟರ್ ಕೊಂಡು, ಆಮೇಲೂ ಲೈವ್ ತಡವರಿಸುತ್ತದೆ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಹಂಚಿನ ಮನೆಯಲ್ಲಿ ಮಳೆ ಸದ್ದು ಮೈಕಿಗೆ ಬರುತ್ತದೆ. ಡೈನಮಿಕ್ ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರದಲ್ಲಿಟ್ಟು ಗೇನ್ ಇಳಿಸಿ. ಫಿಲ್ಟರ್‌ಗಳಲ್ಲಿ ಮೊದಲು ನಾಯ್ಸ್ ಸಪ್ರೆಷನ್, ಆಮೇಲೆ ಸಣ್ಣ ಸದ್ದನ್ನು ತಡೆಯುವ ಗೇಟ್, ಕೊನೆಗೆ ಜೋರನ್ನೂ ಸಣ್ಣದನ್ನೂ ಸಮ ಮಾಡುವ ಕಂಪ್ರೆಸರ್. ಕಂಪ್ರೆಸರ್ ಮೊದಲು ಹಾಕಿದರೆ ಮಳೆಯೇ ನಿಮಗಿಂತ ಜೋರಾಗಿ ಮಾತಾಡುತ್ತದೆ.

ಎರವಲು ತಂದ ಸೆನ್ಸಿಟಿವಿಟಿ

ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ, ಸಾಗರದ ಬಸ್ಸು ಹೊರಡುವ ತನಕ, ಕಾಲೇಜಿನ ಇಬ್ಬರು ಹುಡುಗರು ಒಂದು ಮೊಬೈಲಿನ ಮೇಲೆ ಬಾಗಿದ್ದರು. ಹೆಸರಾಂತ ಬಿಜಿಎಂಐ ಸ್ಟ್ರೀಮರ್ ಒಬ್ಬ ವಿಡಿಯೊ ಕೆಳಗೆ ಹಾಕಿದ ಸೆನ್ಸಿಟಿವಿಟಿ ಕೋಡನ್ನು, ಅಂದರೆ ಬೆರಳು ಎಷ್ಟು ಸರಿದರೆ ನೋಟ ಎಷ್ಟು ತಿರುಗಬೇಕು ಎಂಬ ಅಂಕಿಗಳನ್ನು, ಹಾಕಿಕೊಳ್ಳುವ ಕೆಲಸ. ಹಾಕಿ, ಟ್ರೇನಿಂಗ್ ಗ್ರೌಂಡಿಗೆ ಹೋಗಿ ಗೋಡೆಗೆ ಹೊಡೆದರೆ ಗನ್ನು ಆಕಾಶಕ್ಕೆ. "ನಿಂಗೆ ಕೈ ಸೆಟ್ ಆಗಿಲ್ಲ ಕಣೋ, ಅವ್ನಿಗೆ ಲೇಸರ್ ಥರ ಹೋಗುತ್ತೆ," ಎಂದ ಪಕ್ಕದವನು. ಹುಡುಗ ಮುಖ ಸಣ್ಣ ಮಾಡಿಕೊಂಡ.

ಕೈಯ ತಪ್ಪೇನೂ ಇಲ್ಲ. ಆ ಅಂಕಿಗಳು ಇನ್ನೊಂದು ಯಂತ್ರದವು. ಅನೇಕ ಸ್ಟ್ರೀಮರ್‌ಗಳು ಆಡುವುದು ಐಪ್ಯಾಡಿನಲ್ಲಿ. ಪರದೆ ದೊಡ್ಡದು, ಆಕಾರ 4:3, ಬೆರಳು ಓಡುವ ದೂರವೇ ಬೇರೆ. ಸೆಕೆಂಡಿಗೆ 90 ಫ್ರೇಮ್ ಓಡುವ ಯಂತ್ರಕ್ಕೆ ಹೊಂದಿಸಿದ್ದನ್ನು 40ಕ್ಕೆ ಇಳಿದಿಳಿದು ಏರುವ ಮೊಬೈಲಿಗೆ ಹಾಕಿದರೆ ಗುರಿ ಜಿಗಿಯುತ್ತದೆ. ಮೊಬೈಲನ್ನೇ ಓಲಿಸಿ ಗುರಿ ಹಿಡಿಯಲು ಬಳಸುವ ಜೈರೊ ಸೆನ್ಸರ್ ಒಂದೊಂದು ಮೊಬೈಲಿನಲ್ಲಿ ಒಂದೊಂದು ಥರ. ಚಾರ್ಜಿಗೆ ಹಾಕಿಕೊಂಡೇ, ಕವರ್ ತೆಗೆಯದೆ ಅರ್ಧ ಗಂಟೆ ಆಡಿದರೆ ಮೊಬೈಲ್ ಬಿಸಿಯಾಗಿ ತಾನೇ ವೇಗ ಇಳಿಸುತ್ತದೆ, ಆಗ ಮೊದಲ ಮ್ಯಾಚಿನ ಸೆನ್ಸಿಟಿವಿಟಿ ಮೂರನೇ ಮ್ಯಾಚಿಗೆ ಹೊಂದುವುದಿಲ್ಲ.

ತಮ್ಮದನ್ನು ತಾವೇ ಹೊಂದಿಸಲು ಅರ್ಧ ಗಂಟೆ ಸಾಕು. ಮೊದಲು ಫ್ರೇಮ್ ರೇಟ್: ಅತಿ ಹೆಚ್ಚಿನದು ಬೇಡ, ಇಪ್ಪತ್ತು ನಿಮಿಷ ಕದಲದೆ ನಿಲ್ಲುವುದನ್ನು ಆರಿಸಿ. ಆಮೇಲೆ ಕ್ಯಾಮೆರಾ: ಹೆಬ್ಬೆರಳನ್ನು ಒಮ್ಮೆ ಆರಾಮಾಗಿ ಎಳೆದರೆ ಆಟಗಾರ ಸರಿಯಾಗಿ ಹಿಂದಕ್ಕೆ ತಿರುಗಬೇಕು, ಹೆಚ್ಚು ತಿರುಗಿದರೆ ಐದೈದರಂತೆ ಇಳಿಸಿ. ಆಮೇಲೆ ಬಂದೂಕಿಗೆ ರೆಡ್ ಡಾಟ್ ಸ್ಕೋಪ್ ಹಾಕಿ ಐವತ್ತು ಮೀಟರ್ ದೂರದ ಗುರಿಗೆ ಒಂದು ಮ್ಯಾಗಜೀನ್ ಪೂರ್ತಿ ಹೊಡೆಯಿರಿ. ಎಳೆದು ಹಿಡಿದರೂ ಗುಂಡು ಮೇಲೇರಿದರೆ ಎಡಿಎಸ್ (ಗುಂಡು ಹಾರಿಸುವಾಗಿನ ಸೆನ್ಸಿಟಿವಿಟಿ) ಏರಿಸಿ, ಜೈರೊ ಬಳಸುವವರು ಎಡಿಎಸ್ ಜೈರೊ ಏರಿಸಿ. ಕೆಳಗೆ ಕುಸಿದರೆ, ನಡುಗಿದರೆ ಇಳಿಸಿ. ಅದು ನಿಂತ ಮೇಲೆ 3ಎಕ್ಸ್, 4ಎಕ್ಸ್, 6ಎಕ್ಸ್ ಸ್ಕೋಪ್‌ಗಳು, ಒಂದಾದ ಮೇಲೆ ಒಂದು. ಒಮ್ಮೆಗೇ ಎಲ್ಲವನ್ನೂ ಮುಟ್ಟಿದರೆ ಯಾವುದರಿಂದ ಏನಾಯಿತು ಎಂದು ತಿಳಿಯದು. ಹೊಂದಿಸಿದ ಮೇಲೆ ಮೂರು ದಿನ ಬದಲಿಸಬೇಡಿ. ಮೊಬೈಲಿನಲ್ಲೂ ಐಪ್ಯಾಡಿನಷ್ಟು ನೋಟ ಕಾಣುವ 'ಐಪ್ಯಾಡ್ ವ್ಯೂ' ಕೊಡುತ್ತೇವೆ ಎಂಬ ಫೈಲ್‌ಗಳನ್ನಂತೂ ಮುಟ್ಟಲೇಬೇಡಿ, ಆಟದ ಫೈಲ್ ತಿದ್ದಿದ ಅಕೌಂಟ್ ಬ್ಯಾನ್ ಆಗುತ್ತದೆ.

ಸ್ಟ್ರೀಮರ್ ಕೊಡುವ ಇನ್ನೊಂದು ಎರವಲು ಆಸೆ. ಒಳಗೇನಿದೆ ಎಂದು ಗೊತ್ತಿಲ್ಲದ ಪೆಟ್ಟಿಗೆಗಳನ್ನು ಆಟದೊಳಗೆ ದುಡ್ಡು ಕೊಟ್ಟು ಒಡೆಯುವ ಕ್ರೇಟ್ ಓಪನಿಂಗ್ ಬಗ್ಗೆ ಹೇಳುತ್ತಿದ್ದೇನೆ. ಸಿಗುವ ಸಾಧ್ಯತೆ ಶೇ. 1 ಇರುವ ವಸ್ತುವಿಗೆ ನೂರು ಪೆಟ್ಟಿಗೆ ಒಡೆದರೆ ಸಿಕ್ಕೇ ಸಿಗುತ್ತದೆ ಎಂದು ಹುಡುಗರು ನಂಬುತ್ತಾರೆ. ಲೆಕ್ಕ ಹಾಗಿಲ್ಲ. ನೂರು ಒಡೆದರೂ ಒಂದೂ ಸಿಗದಿರುವ ಸಾಧ್ಯತೆ ಶೇ. 37, ಇನ್ನೂರು ಒಡೆದರೂ ಶೇ. 13. ಸಿಕ್ಕಾಗ ಕಿರುಚಿದ ಕ್ಲಿಪ್ ಊರೆಲ್ಲ ಓಡುತ್ತದೆ, ಸಿಗದವರ ಕ್ಲಿಪ್ ಇರುವುದೇ ಇಲ್ಲ. ಅದೂ ಸ್ಟ್ರೀಮರ್ ಒಡೆಯುವುದು ಎಷ್ಟೋ ಸಲ ಪ್ರಾಯೋಜಕರ ದುಡ್ಡಿನಲ್ಲಿ, ಹುಡುಗ ಒಡೆಯುವುದು ಅಪ್ಪನ ಯುಪಿಐನಲ್ಲಿ. ದುಡ್ಡು ಪಡೆದು ಆಡುವವರು ಅದನ್ನು ಎದ್ದು ಕಾಣುವಂತೆ ಹೇಳಬೇಕು, ಲೈವ್ ಆದರೆ ಉದ್ದಕ್ಕೂ ಪರದೆಯ ಮೇಲೆ ಇರಬೇಕು ಎಂದು ಕೇಂದ್ರದ ಗ್ರಾಹಕ ಇಲಾಖೆ 2023ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಅಮೆರಿಕದಲ್ಲಿ ವಾರ್ನರ್ ಬ್ರದರ್ಸ್ ಒಂದು ಆಟಕ್ಕೆ ಯೂಟ್ಯೂಬರ್‌ಗಳಿಗೆ ಹಣ ಕೊಟ್ಟು, ಒಳ್ಳೆಯದನ್ನೇ ಹೇಳಿ, ದೋಷ ತೋರಿಸಬೇಡಿ ಎಂದು ಕರಾರು ಹಾಕಿದ್ದು 2016ರಲ್ಲಿ ಅಲ್ಲಿನ ವ್ಯಾಪಾರ ಆಯೋಗದ ಮುಂದೆ ಬಯಲಾಯಿತು. ನಮ್ಮಲ್ಲಿ ಹಣ ಕಟ್ಟಿ ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲಿ ಬಂತು. ಜಾಹೀರಾತು ಮಾಡಿದವರಿಗೆ ಎರಡು ವರ್ಷದ ತನಕ ಜೈಲು, 50 ಲಕ್ಷದ ತನಕ ದಂಡ. ರಮ್ಮಿ ಆ್ಯಪ್ ತೋರಿಸಿ ಬಾಡಿಗೆ ಕಟ್ಟುತ್ತಿದ್ದ ಚಾನೆಲ್‌ಗಳ ದಾರಿ ಅಲ್ಲಿಗೆ ಮುಚ್ಚಿತು. ಒಳ್ಳೆಯದೇ ಆಯಿತು.

ಇಲ್ಲಿಂದ ಆಟ ಕಟ್ಟುವವರಿಗೆ

ಶಿವಮೊಗ್ಗದಲ್ಲೋ ಸಾಗರದಲ್ಲೋ ಕೂತು ಸಣ್ಣ ಆಟ ಕಟ್ಟುವ ಹುಡುಗ ಹುಡುಗಿಯರಿಗೆ ಜಾಹೀರಾತಿಗೆ ದುಡ್ಡಿಲ್ಲ, ಸ್ಟ್ರೀಮರ್‌ಗಳೇ ಗತಿ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದು ಆಟಕ್ಕೆ ಜಾಗ ಪಡೆಯಲು 100 ಡಾಲರ್. ಬಿಡುಗಡೆಗೆ ಕನಿಷ್ಠ ಎರಡು ವಾರ ಮೊದಲು ಪುಟ ಜನರಿಗೆ ಕಾಣಬೇಕೆಂಬುದು ನಿಯಮ, ಆದರೆ ಆರು ತಿಂಗಳು ಮೊದಲೇ ಇಟ್ಟರೆ ಸ್ಟ್ರೀಮರ್ ತೋರಿಸಿದಾಗ ಜನ ವಿಶ್‌ಲಿಸ್ಟಿಗೆ ಹಾಕಿಕೊಳ್ಳಲು ಒಂದು ಜಾಗವಿರುತ್ತದೆ. ಪುಟ ಕಂಡ ದಿನದಿಂದಲೇ "ನಾನು ದೊಡ್ಡ ಯೂಟ್ಯೂಬರ್, ಐದು ಕೀ ಕಳಿಸಿ" ಎಂಬ ಮೇಲ್‌ಗಳು ಬರುತ್ತವೆ. ಕೀ ಎಂದರೆ ಆಟವನ್ನು ಪುಕ್ಕಟೆ ಪಡೆಯುವ ಕೋಡ್. ಇಂಥ ಮೇಲ್‌ಗಳಲ್ಲಿ ಹೆಚ್ಚಿನವು ಕೀ ಮಾರಿಕೊಳ್ಳುವವರದು. ಮೇಲ್ ವಿಳಾಸದಲ್ಲಿ ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಇರುತ್ತದೆ. ಚಾನೆಲ್‌ನಲ್ಲೇ ಕೊಟ್ಟ ವಿಳಾಸಕ್ಕೆ ನೀವಾಗಿ ಬರೆದು ಖಚಿತ ಮಾಡಿಕೊಳ್ಳಿ, ಒಬ್ಬರಿಗೆ ಒಂದೇ ಕೀ. ಐದು ಲಕ್ಷ ಜನರ ಚಾನೆಲ್ಲಿಗೆ ಕಾಯುವುದಕ್ಕಿಂತ, ನಿಮ್ಮಂಥದೇ ಆಟ ಆಡುವ, ತಲಾ ಐದು ಸಾವಿರ ಜನರ ಇಪ್ಪತ್ತು ಚಾನೆಲ್‌ಗಳಿಗೆ ಬರೆಯುವುದು ಮೇಲು. ಆಟದೊಳಗೆ ಸ್ಟ್ರೀಮರ್ ಮೋಡ್ ಇಡಿ: ರೂಮ್ ಕೋಡ್ ಮರೆಯಾಗಬೇಕು, ಹಕ್ಕುಸ್ವಾಮ್ಯದ ಹಾಡು ಇದ್ದರೆ ಆರಿಸಲು ಗುಂಡಿ ಬೇಕು. ಕನ್ನಡ ಅಕ್ಷರ ತೋರಿಸುವುದಾದರೆ ಆಟ ಕಟ್ಟುವ ತಂತ್ರಾಂಶವನ್ನು (ಎಂಜಿನ್) ಆರಿಸುವ ಮೊದಲೇ ಒತ್ತಕ್ಷರ ಪರೀಕ್ಷಿಸಿ. ಗೊಡೊ 4ರಲ್ಲಿ ಸರಿಯಾಗಿ ಕೂರುತ್ತವೆ, ಯುನಿಟಿಯ ಟೆಕ್ಸ್ಟ್‌ಮೆಶ್‌ಪ್ರೊದಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ.

ಕೀ ಕಳಿಸುವ ಮೊದಲು ಎರಡು ಪರೀಕ್ಷೆ ಮಾಡಿ. ಒಂದು, ಗೆಳೆಯ ಆಡಿದ ಹತ್ತು ನಿಮಿಷ ರೆಕಾರ್ಡ್ ಮಾಡಿ, ಖಾಸಗಿಯಾಗಿ ಯೂಟ್ಯೂಬಿಗೆ ಹಾಕಿ, 240ಪಿಯಲ್ಲಿ, ಸದ್ದಿಲ್ಲದೆ, ಆಟ ಗೊತ್ತಿಲ್ಲದವರಿಗೆ ತೋರಿಸಿ. ಯಾರು ಯಾರು, ಏನಾಗುತ್ತಿದೆ ಎಂದು ಅವರು ಹೇಳಬೇಕು. ಇನ್ನೊಂದು ಇದಕ್ಕಿಂತ ಕಷ್ಟದ್ದು. ಅದೇ ಹತ್ತು ನಿಮಿಷವನ್ನು ಮೊಬೈಲ್ ಮಗುಚಿಟ್ಟು, ಗೆಳೆಯನ ಮಾತು ಮತ್ತು ಆಟದ ಸದ್ದು ಮಾತ್ರ, ಕೈಯಲ್ಲಿ ಬೇರೆ ಕೆಲಸ ಇರುವವರಿಗೆ ಕೇಳಿಸಿ. ಗೆಳೆಯ ಎಷ್ಟು ಸಲ ಎರಡು ನಿಮಿಷಕ್ಕಿಂತ ಹೆಚ್ಚು ಸುಮ್ಮನಾದ ಎಂದು ಗುರುತು ಹಾಕಿಕೊಳ್ಳಿ, ಅಲ್ಲೆಲ್ಲ ಆಟ ಅವನಿಗೆ ಮಾತು ಕೊಟ್ಟಿಲ್ಲ. ಆಮೇಲೆ ಸದ್ದು ನಿಲ್ಲಿಸಿ ಸ್ವಲ್ಪ ಕಾಯಿರಿ, ಮೆಟ್ಟುಗತ್ತಿಯ ಮುಂದಿನಿಂದ ಯಾರಾದರೂ "ಆಮೇಲೆ ಏನಾಯ್ತೋ?" ಎಂದು ಕೇಳುತ್ತಾರೋ ನೋಡಿ.